ಹೊರಗಿನ ಗುಡಿಸಲಿಗೆ ಬಿಸಿನೀರು

ಫಾದರ್,

ನೀವು ನಿಮ್ಮ ದೇಶದಲ್ಲೇ ಮಣ್ಣಾದಿರೆಂದು ಮಧುಗಿರಿಯಿಂದ ಬಂದ ಹೊಸ ಫಾದರ್ ಹೇಳಿದರು. ಆದರೂ ಇದನ್ನು ಬೇರೆ ಯಾರಿಗೆ ಹೇಳಲಿ?

ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವುದನ್ನು ನಮ್ಮವರು ಇನ್ನೂ ಬಿಟ್ಟಿಲ್ಲ. ಬೆಳಗಿನ ಪೂಜೆ ಮುಗಿಸಿ ದಿನಾ ನೀವೇ ಅಲ್ಲಿಗೆ ಬಿಸಿನೀರು ಹೊರುತ್ತಿದ್ದಿರಿ. ಚರ್ಚಿನ ಅಡುಗೆಯವಳಾದ ನಾನು ಮುಳ್ಳುಬೇಲಿಯವರೆಗೆ ಮಾತ್ರ ಬರುತ್ತಿದ್ದೆ.

"ಇವತ್ತು ಒಳಗೆ ಬರುತ್ತೀಯಾ, ಯಶೋದ?" ಎಂದು ನೀವು ಕೇಳುವುದು, "ನಾಳೆ ಬತ್ತೀನಿ ಬುಡಿ ಫಾದರ್" ಎಂದು ನಾನು ನಗುವುದು.

ಈ ಸಲ ಅಲ್ಲಿದ್ದವಳು ನನ್ನ ತಮ್ಮನ ಹೆಂಡತಿ ಲಾವಣ್ಯ. ಮಳೆಗೆ ಗುಡಿಸಲು ಸೋರಿತ್ತು. ನಿನ್ನೆ ಬೆಳಿಗ್ಗೆ ನೀರು ಕಾಯಿಸಿಕೊಂಡು ಹೋದೆ. ಜ್ವರದಲ್ಲಿ ಮಲಗಿದ್ದವಳು ಒಳಗಿನಿಂದಲೇ ಕೂಗಿದಳು: "ಯಶೋದಕ್ಕಾ, ಮಗೀನ ಮೈ ತಣ್ಣಗಾಗ್ತೈತೆ. ಬಿರ್ನೆ ಬಾರಕ್ಕಾ!"

ಹಿಂದೆಯೇ ಬಂದಿದ್ದ ಅವ್ವ ನನ್ನ ಸೆರಗು ಹಿಡಿದಳು. "ಒಳೀಕೆ ಹೋಗ್ಬ್ಯಾಡ ಕಣೇ, ದ್ಯಾವ್ರು ಮುನಿಸ್ಕಂತಾನೆ."

ಅವ್ವನ ಕೈಗೆ ಈಗ ಸೌಟು ಎತ್ತುವ ಬಲವೂ ಇಲ್ಲ, ಫಾದರ್.

ಮಧ್ಯಾಹ್ನ ಗುಡಿಸಲ ಹಿಂದೆಯೇ ಮಗುವನ್ನು ಮಣ್ಣು ಮಾಡಿದರು. ನೀರು ಬೇಲಿಯ ಬಳಿಯೇ ಆರಿಹೋಗಿತ್ತು. ತುಂಬಿದ ಬಿಂದಿಗೆಯನ್ನು ಹಾಗೇ ವಾಪಸ್ ಹೊತ್ತು ತಂದೆ.

ಯಶೋದ