ಆ ಕಬ್ಬಿಣದ ಬಗರಿ ನಿನಗೆ ಸಿಗುವುದಿಲ್ಲ

ಬ್ಯಾಡಗಿ
ಫೆಬ್ರವರಿ, 1994

ನನ್ನ ಬೆನ್ನಿಗೆ ಬಿದ್ದ ತಮ್ಮ ಭರಮಣ್ಣನಿಗೆ,

ನಿನ್ನ ಅಕ್ಕ ಹೊನ್ನವ್ವ ಬರೆಯುವುದು. ನಾವು ಇಲ್ಲಿ ಆರಾಮ ಇದ್ದೇವೆ. ನೀನೂ ಆರಾಮ ಇದ್ದೀ ಎಂಬುದು ನಿನ್ನ ಕಾಗದ ನೋಡಿದರೇ ತಿಳಿಯುತ್ತದೆ. ಆರಾಮ ಹೆಚ್ಚಾದವರಿಗೇ ಇಂಥ ವಿಚಾರಗಳು ಹೊಳೆಯುವುದು. ಹೊಸರಿತ್ತಿ ಶಾಲೆಯಲ್ಲಿ ನಮ್ಮ ಗುರುಗಳು, ಕಾಗದದಲ್ಲಿ ಬಾಯಿಮಾತು ಬರೆಯಬಾರದು, ಪುಸ್ತಕದ ಹಾಗೆ ಬರೆಯಬೇಕು ಎಂದು ಕಲಿಸಿದ್ದರಿಂದ ಪುಸ್ತಕದ ಮಾತಿನಲ್ಲಿಯೇ ಬೈಯುತ್ತೇನೆ. ಎದುರಿಗೆ ಸಿಕ್ಕಾಗ ನಮ್ಮ ಮಾತಿನಲ್ಲಿ ಇನ್ನೊಮ್ಮೆ ಬೈಸಿಕೊಳ್ಳುವೆಯಂತೆ.

ನಿನ್ನ ಹೆಂಡತಿ ಉಚ್ಚಂಗೆವ್ವನಿಗೆ ಏಳು ತಿಂಗಳು ತುಂಬುತ್ತವೆ, ಕುಬಸಕ್ಕೆ ನೀನು, ಮಾವ ಗಂಡಹೆಂಡಿರಿಬ್ಬರೂ ಬರಬೇಕು ಎಂದು ಬರೆದಿದ್ದೀ. ಬರುತ್ತೇವೆ. ಅವಳಿಗೆ ಹಸಿರು ಸೀರೆ, ಹಸಿರು ಬಳೆ ತರುತ್ತೇನೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರೆದಿದ್ದೀ. ನಮ್ಮ ಹಿತ್ತಲಲ್ಲಿ ಸುಮ್ಮನೆ ಬಿದ್ದಿರುವ ಕಟ್ಟಿಗೆ ಸೀಳುವ ಮಶಿನ್ನಿನ ಬಗರಿಯನ್ನೂ ಬರುವಾಗ ತಂದುಬಿಡಬೇಕಂತೆ. ಅದನ್ನು ನಿನ್ನ ಹೊಸ ಟ್ರ್ಯಾಕ್ಟರಿಗೆ ಕೂಡಿಸಿ ಹಲಗೇರಿಯಲ್ಲಿ ಕಟ್ಟಿಗೆ ವಖಾರಿ ಹಾಕುತ್ತೀಯಂತೆ. ಹೆರಿಗೆಯಾದ ಮೇಲೆ ಉಚ್ಚಂಗೆವ್ವನೂ ಕೈಗೂಡಿಸುತ್ತಾಳಂತೆ. ಸೀರೆಯ ಮಾತನ್ನು ಎಷ್ಟು ಸಲೀಸಾಗಿ ಬರೆದೆಯೋ ಇದನ್ನೂ ಅಷ್ಟೇ ಸಲೀಸಾಗಿ ಬರೆದಿದ್ದೀ. ಬಗರಿ ತರುವುದಿಲ್ಲ. ಯಾಕೆ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

"ಮಾವಗ ಆದದ್ದು ಮಶಿನ್ನಿನಿಂದ ಅಲ್ಲಕ್ಕ, ಟಾವೆಲ್‌ನಿಂದ. ನಾ ಪ್ಯಾಂಟು ಬುಶ್‌ಕೋಟು ಹಾಕ್ಕೊಂಡು ನಿಂದರತೇನಿ" ಎಂದು ದೀಪಾವಳಿಯಲ್ಲಿ ನನ್ನ ಎದುರಿಗೇ ಅಂದಿದ್ದೆ. ಆಗ ಮನೆ ತುಂಬ ಬೀಗರಿದ್ದರು, ಸುಮ್ಮನಿದ್ದೆ. ನೀನು ಬಂದದ್ದು ದವಾಖಾನೆಗೆ, ಅದೂ ಎರಡು ದಿನ ಕಳೆದ ಮೇಲೆ. ವಖಾರಿಯಲ್ಲಿ ಏನಾಯಿತು ಎಂದು ನೀನು ಕೇಳಲಿಲ್ಲ, ನಾವು ಹೇಳಲಿಲ್ಲ. ಈಗ ಕೇಳು.

ನಮ್ಮ ವಖಾರಿಗೆ ಮಶಿನ್ ಬರುವ ಮೊದಲು ಕಟ್ಟಿಗೆಯನ್ನು ಕೊಡಲಿಯಿಂದಲೇ ಒಡೆಯುತ್ತಿದ್ದರು. ಹುಣಸೆಯ ಬೊಡ್ಡೆ ಇದ್ದರೆ ಬೆಣೆ ಜಡಿದು ಚಮ್ಮಟಿಗೆಯಿಂದ ಹೊಡೆಯಬೇಕು, ಮಧ್ಯಾಹ್ನದೊಳಗೆ ರಟ್ಟೆ ಬಿದ್ದುಹೋಗುತ್ತದೆ. ಮದುವೆಯ ದಿನಗಳಲ್ಲಿ ಖಾನಾವಳಿಯವರು, ಚುರುಮುರಿ ಭಟ್ಟಿಯವರು, ಮದುವೆ ಮನೆಯವರು ಎಲ್ಲ ಒಮ್ಮೆಲೇ ಬಂದು ನಿಲ್ಲುತ್ತಿದ್ದರು. ಆಗ ನಿನ್ನ ಮಾವನಿಗೆ ಯಾರೋ ರಾಣೆಬೆನ್ನೂರಿನ ಒಬ್ಬ ಲೇತ್ ಮಿಸ್ತ್ರಿಯ ಸುದ್ದಿ ಹೇಳಿದರು. ಅವನು ಲಾರಿಯ ಹಳೆಯ ಆಕ್ಸಲ್ ಕೊಯ್ದು, ಒಂದು ತುದಿ ಚೂಪು ಮಾಡಿ, ಮೈತುಂಬ ತಿರುಪು ಕೊರೆದು ಕೊಟ್ಟ. ನೋಡಲು ಹುಡುಗರು ಆಡಿಸುವ ಬಗರಿಯ ಹಾಗೆಯೇ ಇತ್ತು, ಅದಕ್ಕೇ ಮನೆಯಲ್ಲಿ ಎಲ್ಲರೂ ಬಗರಿ ಎಂದೆವು. ಅದನ್ನು ಒಂದು ಕಬ್ಬಿಣದ ಸ್ಟ್ಯಾಂಡಿಗೆ ಕೂಡಿಸಿ, ನಮ್ಮ ಓಣಿಯ ಕರಬಸಪ್ಪನ ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ ಜೋಡಿಸಿದರು. ಟ್ರ್ಯಾಕ್ಟರ್ ಚಾಲೂ ಮಾಡಿದರೆ ಬಗರಿ ತಿರುಗುತ್ತದೆ, ತುಂಡನ್ನು ಅದರ ಮೊನೆಗೆ ಒತ್ತಿದರೆ ತಾನೇ ಒಳಗೆ ಎಳೆದುಕೊಂಡು ಚರ್ರನೆ ಸೀಳುತ್ತದೆ. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಶುರು ಮಾಡಿದ ದಿನ ಓಣಿಗೆ ಓಣಿಯೇ ನೋಡಲು ಬಂದಿತ್ತು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಿಂತು ನೋಡಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಬಗರಿ ತನ್ನ ಬುದ್ಧಿಯನ್ನು ಮೊದಲ ವಾರವೇ ತೋರಿಸಿತು. ಬೇವು ಸೊಗಸಾಗಿ ಸೀಳುತ್ತಿತ್ತು. ಗಂಟುಗಂಟಾದ ಜಾಲಿಯ ತುಂಡು ಕೊಟ್ಟರೆ ಮೊನೆ ಅರ್ಧಕ್ಕೆ ಸಿಕ್ಕಿಕೊಂಡು, ತುಂಡಿಗೆ ತುಂಡೇ ಬಗರಿಯ ಜೊತೆ ಗರಗರ ತಿರುಗುತ್ತಿತ್ತು. ಹಾಗೆ ತಿರುಗಿದ ಒಂದು ತುಂಡು ಟ್ರ್ಯಾಕ್ಟರಿನ ಮಡಗಾರ್ಡನ್ನು ಜಜ್ಜಿತು. ಇನ್ನೊಂದು ಸಲ ಸಿಬಿರು ಹಾರಿ ಪಕ್ಕದ ಮನೆಯ ಮೆಹಬೂಬಿಯ ಹಂಚು ಒಡೆಯಿತು. ಅವಳು ಒಡೆದ ಹಂಚು ಕೈಯಲ್ಲಿ ಹಿಡಿದುಕೊಂಡೇ ಬಂದಳು. "ಹೊನ್ನಕ್ಕಾ, ಇವತ್ತ ಹಂಚು ಹೋತು, ನಾಳೆ ಯಾರದರ ತಲಿ ಹೋದೀತು. ನಿನ್ನ ಗಂಡಗ ಹೇಳವಾ" ಅಂದಳು. ಹೇಳಿದೆ. ನಿನ್ನ ಮಾವ ಅವಳಿಗೆ ಹೊಸ ಹಂಚು ಹೊದಿಸಿಕೊಟ್ಟು, ಆ ಬದಿಗೆ ಮಣ್ಣು ತುಂಬಿದ ಗೋಣಿಚೀಲ ಒಟ್ಟಿದರು. ಮಶಿನ್ ಮಾತ್ರ ನಿಲ್ಲಲಿಲ್ಲ.

ಶಾಫ್ಟಿನ ಮೇಲೆ ಮಿಸ್ತ್ರಿ ಒಂದು ತಗಡಿನ ಮುಚ್ಚಳ ಕೂಡಿಸಿ ಕೊಟ್ಟಿದ್ದ. ಅದು ಸಡಿಲಾಗಿ ಗಡಗಡ ಸಪ್ಪಳ ಮಾಡುತ್ತದೆ ಎಂದು ಕರಬಸಪ್ಪ ಬಿಚ್ಚಿಟ್ಟ. ಒಳ್ಳೆಯ ತಗಡು ಹಾಳಾಗಬಾರದೆಂದು ಅದನ್ನು ಕೋಳಿಗೂಡಿನ ಬಾಗಿಲು ಮಾಡಿದೆವು. ಆಮೇಲೆ ಬಗರಿಯನ್ನು ಶಾಫ್ಟಿಗೆ ಹಿಡಿಸುವ ಗಿಡ್ಡ ಬೋಲ್ಟು ಎಲ್ಲಿಯೋ ಬಿದ್ದುಹೋಯಿತು. ಮನೆಯಲ್ಲಿದ್ದ ಉದ್ದ ಬೋಲ್ಟು ಹಾಕಿದರು. ಅದರ ಬಾಲ ಬೆರಳಿನಷ್ಟು ಹೊರಗೆ ಉಳಿಯಿತು. ನಿಂತಾಗ ಅದು ಎಲ್ಲರಿಗೂ ಕಾಣುತ್ತಿತ್ತು. ತಿರುಗಲು ಹತ್ತಿದರೆ ಯಾರಿಗೂ ಕಾಣುತ್ತಿರಲಿಲ್ಲ.

ಆ ದಿನ ಹಾವೇರಿಯ ಅಣ್ಣಾಜಿಯವರು ಮಗಳ ಮದುವೆಗೆ ಕಟ್ಟಿಗೆ ಹೇಳಲು ವಖಾರಿಗೆ ಬಂದರು. ಕೋರ್ಟಿನಲ್ಲಿ ದೊಡ್ಡ ಕೆಲಸದಲ್ಲಿದ್ದವರು, ಊರಲ್ಲಿ ಅವರ ಮಾತು ಯಾರೂ ಮೀರುತ್ತಿರಲಿಲ್ಲ. ನಿನ್ನ ಮಾವ ಬರಿಮೈಯಲ್ಲಿ, ತಲೆಗೆ ಟಾವೆಲ್ ಸುತ್ತಿಕೊಂಡು ಬಗರಿಗೆ ತುಂಡು ಕೊಡುತ್ತಿದ್ದರು. ಹಿರಿಯರು ಬಂದರೆ ನಮ್ಮ ಗಂಡಸರು ಏನು ಮಾಡುತ್ತಾರೆ ಹೇಳು. ತಲೆಯ ಟಾವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ಅವರೂ ಹಾಗೇ ಮಾಡಿದರು. "ಬರ್ರಿ ಅಣ್ಣಾಜಿ, ಕುಂದ್ರಿ, ಈ ನಾಕು ತುಂಡು ಮುಗಿಸಿ ಬಂದೆ" ಎಂದು ಕಟ್ಟೆ ತೋರಿಸಿ, ಟಾವೆಲ್ ಜಾರದಿರಲೆಂದು ಎದೆಯ ಮೇಲೆ ಒಂದು ಗಂಟು ಹಾಕಿಕೊಂಡು ಮತ್ತೆ ಬಗ್ಗಿದರು. ಕರಬಸಪ್ಪ ಸೀಟಿನಿಂದ ಇಳಿದು ಬೇವಿನ ಗಿಡದ ಕೆಳಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಸೀಳಿದ ಕಟ್ಟಿಗೆಯನ್ನು ಈಚೆ ಒಟ್ಟುತ್ತಿದ್ದವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ನೋಡು, ಎಲ್ಲರೂ ತಮ್ಮ ತಮ್ಮ ಮರ್ಯಾದೆಯನ್ನು ಸರಿಯಾಗಿಯೇ ಪಾಲಿಸಿದೆವು.

ಟಾವೆಲ್‌ನ ಚುಂಗು ಶಾಫ್ಟಿನ ಮೇಲೆ ಜೋತಾಡುತ್ತಿರುವುದು ನನಗೆ ಕಂಡಿತು. "ಏನ್ರೀ" ಎಂದೆ. ಹಿರಿಯರ ಎದುರಿಗೆ ಎಷ್ಟು ದನಿ ಏರಿಸಬಹುದೋ ಅಷ್ಟೇ ಏರಿಸಿದೆ. ಟ್ರ್ಯಾಕ್ಟರ್ ಒದರುತ್ತಿತ್ತು. ಇನ್ನೂ ಜೋರಾಗಿ "ಏನ್ರೀ, ಇಲ್ಲಿ ನೋಡ್ರಿ" ಎಂದೆ. ಅಣ್ಣಾಜಿಯವರು ತಿರುಗಿ "ಏನವಾ ತಂಗಿ?" ಎಂದು ಕೇಳಿದರು. ನೋಡಬೇಕಾದವರು ನೋಡಲಿಲ್ಲ. ಏನ್ರೀ ಎಂದು ಸಂತೆಯಲ್ಲಿ ನೂರು ಮಂದಿ ಹೆಂಗಸರು ಕರೆಯುತ್ತಾರೆ, ಅದಕ್ಕೆ ಯಾವ ಗಂಡಸು ತಿರುಗುತ್ತಾನೆ? ಅವರು ಇನ್ನೊಂದು ತುಂಡಿಗೆ ಬಗ್ಗಿದರು. ನನ್ನ ತಲೆಯ ಮೇಲಿನ ಸೆರಗು ಯಾವಾಗ ಬಿತ್ತೋ ಗೊತ್ತಿಲ್ಲ. "ಹಾಲಸಿದ್ದಪ್ಪಾ!" ಎಂದು ಕೂಗಿದೆ.

ಆ ಹೆಸರನ್ನು ನಾನು ಅಲ್ಲಿಯವರೆಗೆ ಒಡಪಿನಲ್ಲಿ ಬಿಟ್ಟರೆ ಬಾಯಿಬಿಟ್ಟು ಹೇಳಿದವಳಲ್ಲ. ನನ್ನ ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ನಿಮ್ಮೆಲ್ಲರ ಮುಂದೆ ಹೇಳಿಸಿದ್ದರಲ್ಲ, "ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಕೆಂಪ, ಹಾಲಸಿದ್ದಪ್ಪ ಅಂದ್ರ ನನ್ನ ಜೀವಕ್ಕ ತಂಪ" ಎಂದು. ನೀನು ನಗಾಡಿದ್ದೆ. ಆ ದಿನ ಒಡಪು ಕಟ್ಟಲು ಪುರುಸೊತ್ತಿರಲಿಲ್ಲ.

ಕೂಗಿದ ತಕ್ಷಣ ಅವನು ನೆಟ್ಟಗಾಗಿ, ಏನು ಎಂಬಂತೆ ಬಲಗೈ ಎತ್ತಿ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಬೋಲ್ಟು ಚುಂಗನ್ನು ಹಿಡಿಯಿತು. ಕುತ್ತಿಗೆಯ ಸುತ್ತ ಬಿಗಿಯಬೇಕಾಗಿದ್ದ ಟಾವೆಲ್ ತಲೆಯ ಮೇಲಿಂದ ಹಾಯ್ದು, ಎತ್ತಿದ ಕೈಗೆ ಸುತ್ತಿಕೊಂಡಿತು. ಕರಬಸಪ್ಪ ಓಡಿಹೋಗಿ ಎಂಜಿನ್ ಬಂದ್ ಮಾಡುವ ಗುಂಡಿ ಎಳೆದ. ಎಳೆದ ಕೂಡಲೇ ಅದು ನಿಲ್ಲುವುದಿಲ್ಲ ಭರಮಣ್ಣ, ಇನ್ನೂ ಒಂದಿಷ್ಟು ತಿರುಗಿಯೇ ನಿಲ್ಲುತ್ತದೆ. ಅಷ್ಟು ಸಾಕಾಯಿತು. ಅಣ್ಣಾಜಿಯವರು ತಮ್ಮ ಧೋತರವನ್ನೇ ಹರಿದು ಕಟ್ಟಿ, ತಮ್ಮ ಕಾರಿನಲ್ಲಿಯೇ ಹಾವೇರಿಗೆ ಕರೆದುಕೊಂಡು ಹೋದರು, ಅಲ್ಲಿಂದ ಹುಬ್ಬಳ್ಳಿಗೆ. ಮೊಣಕೈ ಕೆಳಗಿನ ಕೈ ಉಳಿಯಲಿಲ್ಲ. ಅದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇದು. ನಮ್ಮ ಸಣ್ಣತ್ತೆ ಫಕ್ಕೀರವ್ವ ದವಾಖಾನೆಯ ವರಾಂಡದಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಹಾಡಹಗಲಿ ಗಂಡನ ಹೆಸರ ಹಿಡದು ಒದರ್ಯಾಳ, ಕೈ ಹೋಗದ ಏನಾದೀತು?" ನಾನು ಕೇಳುತ್ತ ಕೂತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಮಾತು ಒಳಗೆ ಮಲಗಿದ್ದವನ ಕಿವಿಗೂ ಬಿತ್ತು. ಅವಳನ್ನು ಒಳಗೆ ಕರೆಸಿದ. "ಸಣ್ಣವ್ವ, ಅಕಿ ಒದರಲಿಲ್ಲಂದ್ರ ಹೋಗೂದು ಕೈ ಅಲ್ಲ, ಕುತ್ತಿಗಿ. ಎಲ್ಲಾರೂ ನನ್ನ ಸಿದ್ದಣ್ಣ ಅಂತಾರ. ಪೂರಾ ಹೆಸರು ಕರೀತಿದ್ದಾಕಿ ನಮ್ಮವ್ವ ಒಬ್ಬಾಕೀನ. ಅವ್ವ ಕರದಂಗಾತು, ತಿರುಗಿದೆ" ಎಂದ. ಆಮೇಲೆ ನನ್ನ ಕಡೆ ನೋಡಿ, "ಇನ್ನ ಮ್ಯಾಲೆ ಹಂಗ ಕರಿ" ಎಂದ. ಅಲ್ಲಿಯವರೆಗೆ ಅಳದವಳು ಆಗ ಅತ್ತೆ.

ಅಂದಿನಿಂದ ನಾನು ಹೆಸರು ಹಿಡಿದೇ ಕರೆಯುತ್ತೇನೆ. ಇದೇ ಕಾಗದದಲ್ಲಿ ಎಲ್ಲಿಂದ ನಿನ್ನ ಮಾವ ಹೋಗಿ ಹಾಲಸಿದ್ದಪ್ಪ ಆದ, ಅವರು ಹೋಗಿ ಅವನು ಆದ ಎಂದು ನೀನು ಗಮನಿಸಿರಬಹುದು. ಓಣಿಯ ಹೆಂಗಸರು ಮೊದಮೊದಲು ಕಿವಿ ಮುಚ್ಚಿಕೊಂಡರು, ಈಗ ರೂಢಿಯಾಗಿದೆ. ಮೆಹಬೂಬಿ ಮಾತ್ರ, ಅವನು ಊಟಕ್ಕೆ ತಡಮಾಡಿದರೆ, "ಕೂಗ ಹೊನ್ನಕ್ಕಾ, ರಾಣೆಬೆನ್ನೂರ ಮಟ ಕೇಳಲಿ" ಎಂದು ನನ್ನನ್ನು ಆಡಿಸುತ್ತಾಳೆ. ವಖಾರಿಗೆ ಮತ್ತೆ ಕೊಡಲಿಯವರನ್ನೇ ಹಚ್ಚಿದ್ದೇವೆ. ಕೆಲಸ ನಿಧಾನ. ಖಾನಾವಳಿಯವರು ಗೊಣಗುತ್ತಾರೆ, ಕಾಯುತ್ತಾರೆ.

ಇನ್ನು ನಿನ್ನ ಪ್ಯಾಂಟಿನ ಮಾತು. ಆ ಬೋಲ್ಟಿಗೆ ಟಾವೆಲ್ಲೇ ಬೇಕು ಎಂದೇನೂ ಇಲ್ಲ. ನಿನ್ನ ಬುಶ್‌ಕೋಟಿನ ತೋಳೂ ನಡೆಯುತ್ತದೆ. ಕಟ್ಟಿಗೆ ಒಟ್ಟಲು ಬಗ್ಗಿದ ಉಚ್ಚಂಗೆವ್ವನ ಸೆರಗು, ಹೆರಳು ಇನ್ನೂ ಸಲೀಸು. ಅಪ್ಪ ಎದುರಿಗೆ ಬಂದರೆ ಅವಳೂ ಸೆರಗು ಎಳೆದುಕೊಳ್ಳುವವಳೇ, ನೀನೂ ಹೆಗಲಿಗೆ ಟಾವೆಲ್ ಹಾಕಿಕೊಳ್ಳುವವನೇ. ನಿನ್ನ ಪ್ಯಾಂಟು ಅದನ್ನೆಲ್ಲ ಬದಲಿಸುವುದಿಲ್ಲ. ಮುಚ್ಚಳ ಹಾಕುತ್ತೇನೆ ಎನ್ನುತ್ತೀ. ಸಪ್ಪಳ ಮಾಡಿದ ದಿನ ನೀನೂ ಬಿಚ್ಚುತ್ತೀ, ನಿನ್ನನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ.

ಬಗರಿ ಹಿತ್ತಲಲ್ಲಿ ಸುಮ್ಮನೆ ಬಿದ್ದಿಲ್ಲ. ಮೊನೆ ಕೆಳಗೆ ಮಾಡಿ ನೆಲಕ್ಕೆ ಜಡಿದು, ಆ ಬೋಲ್ಟಿನ ತೂತಿಗೇ ಒಂದು ಕಬ್ಬಿಣದ ಬಳೆ ಹಾಕಿ ಎಮ್ಮೆ ಕಟ್ಟುತ್ತೇವೆ. ಗಟ್ಟಿ ಗೂಟ. ಬೇಕಾದರೆ ಎಮ್ಮೆಯನ್ನು ಕೇಳಿ ಕಿತ್ತುಕೊಂಡು ಹೋಗು.

ಇಷ್ಟರ ಮೇಲೂ ಹಟ ಇಳಿಯದಿದ್ದರೆ ಕುಬಸದ ದಿನ ಒಂದು ಕೆಲಸ ಮಾಡು. ಹೆಂಗಸರು ಒಡಪಿನಲ್ಲಿ ನಿನ್ನ ಹೆಸರು ಹೇಳಿಸುತ್ತಾರೆ, ಉಚ್ಚಂಗೆವ್ವ ನಾಚಿಕೊಂಡು ಹೇಳುತ್ತಾಳೆ. ಅದು ಲೆಕ್ಕಕ್ಕಿಲ್ಲ. ಟ್ರ್ಯಾಕ್ಟರ್ ಚಾಲೂ ಮಾಡಿ ಜೋರು ಮಾಡು. ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸು. ನೀನು ಬೆನ್ನು ತಿರುಗಿಸಿ ನಿಂತುಕೋ. ತನ್ನ ಮಾವನ ಎದುರಿಗೆ ಅವಳು ನಿನ್ನ ಹೆಸರನ್ನು, ನೀನು ತಿರುಗುವಷ್ಟು ಜೋರಾಗಿ ಕೂಗಲಿ, ನೋಡೋಣ. ನನಗನ್ನಿಸುವ ಮಟ್ಟಿಗೆ ಅವಳ ಬಾಯಿಂದ ಏನ್ರೀ ಎಂಬುದೇ ಬರುತ್ತದೆ. ಆದರೂ ಕೂಗಿದಳು ಎಂದೇ ಇಟ್ಟುಕೋ. ನಾನು ಕೂಗಿದೆ ಭರಮಣ್ಣ. ಕೂಗಿದ್ದಕ್ಕೆ ಉಳಿದದ್ದು ಕುತ್ತಿಗೆ ಮಾತ್ರ.

ಹಾಲಸಿದ್ದಪ್ಪನೂ ಒಂದು ಸಾಲು ಬರೆಯುತ್ತೇನೆ ಎಂದು ಪೆನ್ನು ಇಸಿದುಕೊಂಡು ಕೂತ. ಎಡಗೈಯಲ್ಲಿ ಹೆಸರು ಬರೆಯುವಷ್ಟರಲ್ಲಿ ಕೈ ಸೋತು ನನಗೇ ಕೊಟ್ಟುಬಿಟ್ಟ. ಕೆಳಗೆ ಇದೆ, ಅಕ್ಷರಗಳು ಡೊಂಕಾಗಿವೆ, ಆದರೂ ಓದಲು ಬರುತ್ತದೆ.

ಉಚ್ಚಂಗೆವ್ವನಿಗೆ ಸುಖವಾಗಿ ಹೆರಿಗೆಯಾಗಲಿ. ಕೂಸನ್ನು ನಿನ್ನ ಎರಡೂ ಕೈಯಿಂದ ಎತ್ತಿಕೋ.

ನಿನ್ನ ಅಕ್ಕ,
ಹೊನ್ನವ್ವ

ಹಾಲಸಿದ್ದಪ್ಪ