ಹನ್ನೊಂದಕ್ಕೆ ಡಬಲ್

೧೦ ಫೆಬ್ರವರಿ ೧೯೭೪, ಭಾನುವಾರ. ಹಿರಿಯೂರು

ಮಂದೆ ಇನ್ನೂ ತೆಂಗಿನ ತೋಟದಲ್ಲೇ. ಗೊಬ್ಬರಕ್ಕೆ ಕುರಿ ಇನ್ನಷ್ಟು ದಿನ ನಿಲ್ಲಲಿ ಎಂದಿದ್ದಾರೆ ತೋಟದವರು. ಬೆಳಿಗ್ಗೆ ಎರಡು ಕುರಿ ಕುಂಟಿದವು. ಗೊರಸು ಕೆರೆದು ಔಷಧಿ ಹಚ್ಚಿದೆ. ಮಧ್ಯಾಹ್ನ ಇಸ್ಪೀಟು. ಪಕ್ಕದ ಮಂದೆ ಭರಮಸಾಗರದ ಪಾಲಣ್ಣನದು. ಪುಣೆಯ ಮಿಲಿಟರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಅಲ್ಲಿಂದ ತಂದ ಆಟ — ಇಪ್ಪತ್ತೊಂದು. ಎರಡೆರಡು ಎಲೆ, ಬೇಕಾದರೆ ಇನ್ನೂ ಕೇಳಬಹುದು. ಇಪ್ಪತ್ತೊಂದರ ಹತ್ತಿರ ಹೋದವನು ಗೆದ್ದ, ದಾಟಿದವನು ಸತ್ತ. ಹಂಚುವವನ ಒಂದು ಎಲೆ ತೆರೆದಿರುತ್ತದೆ, ಒಂದು ಮುಚ್ಚಿರುತ್ತದೆ.

ಮೂರೇ ದಿನದಲ್ಲಿ ಕಲಿತೆ. ನಾಲ್ಕನೇ ಕ್ಲಾಸಿನಲ್ಲಿ ಇಡೀ ಶಾಲೆಗೆ ಮಗ್ಗಿ ಹೇಳಿಕೊಡುತ್ತಿದ್ದವನು ನಾನು! ಇವತ್ತು ಎಂಟು ಕಟ್ಟು ಬೀಡಿ ಗೆದ್ದೆ.

೧೩ ಫೆಬ್ರವರಿ

ಗುಟ್ಟು ಬರೆದಿಡುತ್ತೇನೆ. ಡಬಲ್ ಎಂದರೆ ಇಟ್ಟಷ್ಟನ್ನೇ ಇನ್ನೊಮ್ಮೆ ಇಡಬೇಕು. ಆಮೇಲೆ ಒಂದೇ ಎಲೆ, ಮತ್ತೆ ಕೇಳುವಂತಿಲ್ಲ. ಕೈಯಲ್ಲಿ ಹನ್ನೊಂದು ಕೂಡಿದರೆ ಡಬಲ್ — ರಾಜ, ರಾಣಿ, ಗುಲಾಮನಿಗೂ ಹತ್ತೇ ಬೆಲೆ, ಹಾಗಾಗಿ ಹತ್ತರ ಎಲೆಗಳೇ ಕಟ್ಟಿನಲ್ಲಿ ಜಾಸ್ತಿ. ಹತ್ತಕ್ಕೂ ಡಬಲ್, ಆದರೆ ಹಂಚುವವನ ಮುಂದೆ ಎಕ್ಕವೋ ರಾಜನೋ ಇದ್ದರೆ ಬೇಡ. ಅವನ ಎಲೆ ಐದೋ ಆರೋ ಆಗಿದ್ದರೆ ಅವನೇ ಸಾಯುವುದು ಹೆಚ್ಚು.

ಪಾಲಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ಗುಡ್ಡಣ್ಣ, ನೀನು ಪುಣೆಗೆ ಬಂದಿದ್ರೆ ಕರ್ನಲ್ಲು ಪ್ಯಾಂಟು ಬಿಚ್ಚಿಟ್ಟು ಹೋಗ್ತಿದ್ದ."

"ಅವನ ಪ್ಯಾಂಟು ನಂಗ್ಯಾಕಲೇ? ಟೋಪಿ ಸಾಕು."

ಬೀಡಿ ಆಟ ಸಪ್ಪೆ. ನಾಳೆಯಿಂದ ಕುರಿ ಇಡೋಣ ಎಂದವನು ನಾನೇ.

೧೯ ಫೆಬ್ರವರಿ

ಬರೆಯಲು ಮನಸ್ಸಿರಲಿಲ್ಲ. ನನ್ನ ಸ್ವಂತದ ಒಂಬತ್ತರಲ್ಲಿ ಎರಡು ಉಳಿದಿವೆ. ಆಟ ಸರಿ ಇದೆ, ಎಲೆ ಬರುತ್ತಿಲ್ಲ...

ಮಂದೆಯ ಮಿಕ್ಕ ಕುರಿ ನನ್ನ ಅಕ್ಕ ನಿಂಗಕ್ಕನವು. ಅದರಲ್ಲಿ ಏಳು ಮಾತ್ರ ಅವಳ ಮಗಳು ಗಿರಿಯಮ್ಮನವು. ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಕಿವಿ ಚುಚ್ಚಿದ ದಿನ ಸೋದರಮಾವ ಒಂದು ಹೆಣ್ಣುಮರಿ ಕೊಡುತ್ತಾನೆ. ಅದರ ಸಂತಾನವೆಲ್ಲ ಅವಳದೇ, ಗಂಡನೂ ಮುಟ್ಟುವಂತಿಲ್ಲ. ಕೊಟ್ಟವನು ನಾನು. ಊರಲ್ಲೇ ದಷ್ಟಪುಷ್ಟ ಮರಿ. ಅವಳ ಕುರಿಗಳ ಗುರುತು ಎಡಗಿವಿಯ ಸೀಳು.

ಈಗ ಅವಳ ಗಂಡ ಹೊಳಲ್ಕೆರೆಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಇವಳು ಹೊಸದುರ್ಗದ ಕಡೆ ಬೇರೆ ಮನೆ ಹೂಡುತ್ತಾಳಂತೆ, ಏಳು ಕುರಿ ನಂಬಿಕೊಂಡು. ಬರುವ ತಿಂಗಳು ಬಂದು ಹೊಡೆದುಕೊಂಡು ಹೋಗುತ್ತಾಳೆ.

೨೦ ಫೆಬ್ರವರಿ, ಮಧ್ಯಾಹ್ನ ಮೂರು

ಎರಡೂ ಕುರಿ ಇಟ್ಟೆ. ಬಂದದ್ದು ಏಳು, ನಾಲ್ಕು. ಹನ್ನೊಂದು! ಪಾಲಣ್ಣನ ಮುಂದೆ ಆರು.

"ಡಬಲ್."

"ಎಲ್ಲೈತಪ್ಪ ಇನ್ನೆರಡು?"

ಕಪ್ಪು ಮೋರೆಯ ಕುರಿಯನ್ನೂ ಅದರ ಮಗಳನ್ನೂ ತೋರಿಸಿದೆ.

"ಎಡಗಿವಿ ಸೀಳೈತಲ್ಲ ಗುಡ್ಡಣ್ಣ. ನಿನ್ನ ಗುರುತಲ್ಲ ಅದು."

"ನಾನು ಕೊಟ್ಟ ಮರಿ ಸಂತಾನ ಕಣಲೇ. ಹಾಕು ಎಲೆ."

ಮೂರು ಬಂತು. ಹದಿನಾಲ್ಕು. ಅವನು ಮುಚ್ಚಿದ ಎಲೆ ತಿರುವಿದ — ರಾಜ. ಹದಿನಾರು. ಇನ್ನೊಂದು ಎಳೆದ. ಐದು. ಇಪ್ಪತ್ತೊಂದು. ನಾಲ್ಕೂ ಕುರಿ ಅವನ ಪಾಲು.

ಆಡಿದ್ದು ಸರಿ. ಯಾರನ್ನು ಬೇಕಾದರೂ ಕೇಳಿ, ಸರಿ.

೮ ಮಾರ್ಚ್

ಗೆದ್ದು ವಾಪಸು ತರೋಣವೆಂದರೆ ಪಾಲಣ್ಣ ಮಂದೆ ಎಬ್ಬಿಸಿಕೊಂಡು ಊರಿಗೆ ಹೋಗಿಬಿಟ್ಟ. ಗಿರಿಯಮ್ಮ ನಾಳೆ ಬರುತ್ತಾಳೆ. ಅಕ್ಕನ ಕುರಿಗಳಲ್ಲಿ ಎರಡು ಹಿಡಿದೆ. ಎಡಗಿವಿ ಸೀಳಿದೆ. ಅರಿಶಿನ ಒತ್ತಿ, ಮೇಲೆ ಬೂದಿ, ಮಣ್ಣು. ಹಳೆಯ ಗಾಯದಂತೆಯೇ ಕಾಣುತ್ತದೆ. ಇಂಥ ಕೈಚಳಕ ಈ ತಾಲ್ಲೂಕಿನಲ್ಲಿ ಇನ್ಯಾರಿಗಿದೆ?

೯ ಮಾರ್ಚ್

ಅವ್ವ, ಮಗಳು ಇಬ್ಬರೂ ಬಂದರು. ಗಿರಿಯಮ್ಮ ಕಿವಿ ನೋಡಲಿಲ್ಲ, ಹಿಡಿದಳು.

"ಬಿಸಿ ಐತೆ, ಮಾವ."

ಅಕ್ಕ ಕೂಗಿದಳು: "ಲೇ ಗುಡ್ಡ, ಯಾರ ಕುರಿ ಕುಯ್ದೀಯ? ನನ್ನವೇನ್ಲೇ ಇವು?"

ಹೇಳಿದೆ. ಎಲ್ಲ ಹೇಳಿದೆ. ಹನ್ನೊಂದು ಹೇಗೆ, ಆರು ಹೇಗೆ, ಡಬಲ್ ಯಾಕೆ. ಬೆರಳು ಮಡಚಿ ತೋರಿಸಿದೆ. ಗಿರಿಯಮ್ಮ ಪೂರ್ತಿ ಕೇಳಿಸಿಕೊಂಡಳು.

"ಗೆದ್ದಿದ್ರೆ ಅದರಾಗೆ ನಂಗೆ ಎಷ್ಟು ಕೊಡ್ತಿದ್ದೆ, ಮಾವ?"

ಅದೊಂದು ಲೆಕ್ಕ ನಾನು ಹಾಕಿರಲೇ ಇಲ್ಲ.

ಐದನ್ನೇ ಹೊಡೆದುಕೊಂಡು ಹೋದಳು. ಅಕ್ಕ ಆ ಎರಡನ್ನು ಕೊಡಲು ಹೋದರೆ, "ಬ್ಯಾಡವ್ವ. ನಿನ್ನವು ನಿಂಗಿರಲಿ" ಎಂದಳು.

೧೪ ಮಾರ್ಚ್. ಭರಮಸಾಗರ

ಅಕ್ಕ ಮಂದೆ ಬಿಡಿಸಿಕೊಂಡಳು. ಬೆಳಿಗ್ಗೆ ಬಸ್ಸಿಳಿದು ಕೆರೆ ಏರಿ ಮೇಲೆ ನಡೆದೆ. ಕೆಳಗೆ ಪಾಲಣ್ಣನ ಕುರಿ. ಕೂಗು ಹಾಕಿದೆ. ಕಪ್ಪು ಮೋರೆಯದು ತಲೆ ಎತ್ತಿತು. ಮಗಳೂ. ಎರಡೂ ಓಡಿ ಬಂದು ಪಂಚೆ ಮೂಸಿದವು.

"ಆಟಕ್ಕೆ ಬಂದ್ಯಾ?"

"ಆ ಎರಡು ಕುರಿ ಕೊಡಲೇ, ಪಾಲಣ್ಣ."

"ಏನಿಡ್ತೀಯ?"

ಖಾಲಿ ಕೈ ತೋರಿಸಿದೆ. ಅವನೇ ಹೇಳಿದ, "ಹಂಗಾರೆ ಮಂದೆ ಕಾಯಿ. ವರ್ಷಕ್ಕೊಂದು ಕುರಿ."

ಒಪ್ಪಿದೆ. ಎರಡು ವರ್ಷ.

ಅವನ ಹೆಂಡತಿ ಮುದ್ದೆ, ಸಾರು ಬಡಿಸುತ್ತಾ, "ಹೊಸ ಆಳಾ?" ಎಂದಳು. ನಾನು ಎಂಥ ಮನೆಯವನು, ನನ್ನ ಮಂದೆ ಎಷ್ಟಿತ್ತು ಎಂದು ಶುರು ಮಾಡಿದೆ. ತಲೆ ಎತ್ತಿದರೆ ಅವಳು ಒಳಗೆ ಹೋಗಿದ್ದಳು.

ಗಿರಿಯಮ್ಮನಿಗೆ ಕಾರ್ಡು ಹಾಕಬೇಕು. ಇಲ್ಲೇ ಬರೆದು ನೋಡುತ್ತೇನೆ —

ಚಿ. ಸೌ. ಗಿರಿಯಮ್ಮನಿಗೆ ಮಾವನ ಆಶೀರ್ವಾದಗಳು. ನಿನ್ನ ಎರಡೂ ಕುರಿ ನನ್ನ ಕಣ್ಣೆದುರೇ ಇವೆ, ಚೆನ್ನಾಗಿ ಮೇಯುತ್ತಿವೆ. ನಾನು ಇಲ್ಲಿ