ಬಚ್ಚಲ ನೀರಿಗೊಂದು ಅಡ್ಡಕಂಬಿ

ಹೆದ್ದಾರಿ ತಂಗುದಾಣಗಳ ಮಾನ್ಯ ಮೇಲಧಿಕಾರಿಗಳೇ,

ಕ್ಯಾರವಾನುಗಳು ತಮ್ಮ ಬಚ್ಚಲ ನೀರನ್ನು ಚೆಲ್ಲಲೆಂದು ಈ ಇಡೀ ಹೆದ್ದಾರಿಗೆ ತಾವು ಒಂದೇ ಒಂದು ಮೋರಿ ಕಟ್ಟಿಸಿದ್ದೀರಿ. ಆ ಮೋರಿಯ ದಾರಿಗೆ, ಕ್ಯಾರವಾನುಗಳು ಒಳನುಗ್ಗದಂತೆ, ಗಾಡಿಯ ಎತ್ತರ ತಡೆಯುವ ಒಂದು ಅಡ್ಡಕಂಬಿಯನ್ನೂ ಹಾಕಿಸಿದ್ದೀರಿ. ನನ್ನ ದೂರು ಇಷ್ಟೇ. ಇದರಲ್ಲಿ ದೂರುವುದಕ್ಕೆ ಏನಿದೆ ಎಂದು ತಾವು ಹುಬ್ಬೇರಿಸಬಹುದೆಂಬ ಅನುಮಾನವಿರುವುದರಿಂದ ಮುಂದಿನದನ್ನೂ ಬರೆಯುತ್ತಿದ್ದೇನೆ.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ. ಅದರೊಳಗೆ ಸ್ನಾನ ಮಾಡಿದ, ಪಾತ್ರೆ ತೊಳೆದ ನೀರು ಅಡಿಯ ತೊಟ್ಟಿಗೆ ಇಳಿಯುತ್ತದೆ. ಶೌಚದ್ದು ಬೇರೆ ಡಬ್ಬಿ, ಅದರ ಗೋಜು ಇಲ್ಲಿ ಬೇಡ. ನಾವು ಬಚ್ಚಲ ನೀರು ಎನ್ನುವುದನ್ನು ತಮ್ಮ ಫಲಕಗಳು ‘ಬೂದು ತ್ಯಾಜ್ಯಜಲ’ ಎನ್ನುತ್ತವೆ. ಅಷ್ಟು ದೊಡ್ಡ ಹೆಸರಿಟ್ಟ ಮೇಲೆ ಅದು ಕಂಡಕಂಡಲ್ಲಿ ಹರಿಯುವುದು ಮರ್ಯಾದೆಯಲ್ಲ, ನಿಜ. ಹುಲ್ಲಿಗೆ ಚೆಲ್ಲಬಾರದು, ರಸ್ತೆ ಬದಿಗೆ ಬಿಡಬಾರದು ಎಂದಿರಿ. ಒಪ್ಪಿದೆ, ಸೋಪಿನ ನೀರು ಹಳ್ಳಕ್ಕೆ ಸೇರುವುದು ನನಗೂ ಬೇಡ. ಕಂಬಿಯ ಹೊರಗೆ ಗಾಡಿ ನಿಲ್ಲಿಸಿ ಬಕೆಟ್ಟಿನಲ್ಲಿ ಹೊತ್ತು ತರೋಣವೆಂದರೆ ‘ತೆರೆದ ಪಾತ್ರೆಯಲ್ಲಿ ಸಾಗಣೆ ನಿಷಿದ್ಧ’ ಎಂಬ ಇನ್ನೊಂದು ಫಲಕ. ಹಾಗಾದರೆ ಏನು ಮಾಡೋಣ? ಕುಡಿದುಬಿಡೋಣವೇ?

ನಾನು ಬಟ್ಟೆ ಹೊಲಿಯುವವಳು, ನನ್ನ ಯಜಮಾನರು ಕಾರು ಓಡಿಸುವುದನ್ನು ಕಲಿಸುವವರು. ನಮ್ಮ ಜೊತೆಗಿರುವುದು ನನ್ನ ಅತ್ತೆ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಜೀವಮಾನವಿಡೀ ಬೇರೆಯವರ ಹಾಸಿಗೆಬಟ್ಟೆ ಒಗೆದವರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತಿವೆ. ಶುಚಿಯ ಹಟ ಮಾತ್ರ ಸೋತಿಲ್ಲ. ಹೆದ್ದಾರಿಯ ಆ ತುದಿಯಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದಾರೆ. ಒಮ್ಮೆ ಮುಖ ನೋಡಿಬಿಡಬೇಕು ಎಂದು ಅತ್ತೆ ಹಟ ಹಿಡಿದರು. ದಾರಿಯ ಸಾರ್ವಜನಿಕ ಬಚ್ಚಲುಗಳಿಗೆಲ್ಲ ಮೆಟ್ಟಿಲು. ಆದ್ದರಿಂದಲೇ ಈ ಕ್ಯಾರವಾನು ಬಾಡಿಗೆಗೆ ತಂದೆವು. ದಿನಾ ಬೆಳಿಗ್ಗೆ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ನಾನು ಮೀಯಿಸುತ್ತೇನೆ. ತೊಟ್ಟಿ ತುಂಬುವುದು ಹೀಗೆ, ಯಾವ ದೇಶದ್ರೋಹದಿಂದಲೂ ಅಲ್ಲ.

ತುಂಬಿದ ತೊಟ್ಟಿಯೊಂದಿಗೆ ತಮ್ಮ ಮೋರಿಗೆ ಬಂದೆವು. ಅಡ್ಡಕಂಬಿ ಕಂಡು ಯಜಮಾನರು ಇಳಿದರು, ಕಣ್ಣಳತೆ ಹಾಕಿದರು, ಪಾಠ ಹೇಳುವ ಗತ್ತಿನಲ್ಲಿ ಅಡಿಯಲ್ಲಿ ತೂರುತ್ತದೆ ಎಂದರು. ತೂರಿಯೂ ಬಿಟ್ಟಿತು. ಚಾವಣಿಯ ಗಾಳಿಕಿಂಡಿಯ ಮುಚ್ಚಳ ಕಂಬಿಗೆ ಕರ್ರೆಂದು ಉಜ್ಜಿದ್ದಷ್ಟೇ. ತೊಟ್ಟಿಯ ತೂಬು ತೆಗೆದು ನೀರೆಲ್ಲ ಮೋರಿಗೆ ಬಿಟ್ಟೆವು. ಯಜಮಾನರು ಜಗತ್ತು ಗೆದ್ದವರಂತೆ ಕೈ ತೊಳೆದುಕೊಂಡರು.

ಹೊರಟಾಗ ಗಾಡಿ ಕಂಬಿಗೆ ಸಿಕ್ಕಿಕೊಂಡಿತು. ಬರುವಾಗ ನೀರಿನ ಭಾರಕ್ಕೆ ತಗ್ಗಿದ್ದ ಮನೆ ಭಾರ ಇಳಿದ ಮೇಲೆ ಸ್ಪ್ರಿಂಗಿನ ಮೇಲೆ ಎದ್ದು ನಿಂತಿತ್ತು! ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಗೆ ತಾವು ಕಬ್ಬಿಣದಲ್ಲಿ ರೂಪ ಕೊಟ್ಟಿದ್ದೀರಿ. ಟೈರಿನ ಗಾಳಿ ಇಳಿಸೋಣವೆಂದರೆ ಮತ್ತೆ ತುಂಬಲು ನಮ್ಮಲ್ಲಿ ಪಂಪಿಲ್ಲ. ತಮ್ಮ ಕಾವಲುಗಾರ ಕುರ್ಚಿಯಿಂದ ಏಳದೆ ದಾರಿ ತೋರಿಸಿದ. “ಎಲ್ರೂ ಮಾಡೋದನ್ನೇ ಮಾಡಿ ಮೇಡಂ. ಆ ನಲ್ಲಿ ನೀರು ತುಂಬ್ಕೊಂಡು ಹೊರಡಿ.”

ಎಲ್ಲರೂ ಮಾಡುವುದು! ಗಮನಿಸಬೇಕು ಮಾನ್ಯರೇ, ಇದು ತಮ್ಮಲ್ಲಿ ಪದ್ಧತಿಯೇ ಆಗಿಹೋಗಿದೆ. ನಲ್ಲಿಯ ಪೈಪನ್ನು ಗಾಡಿಯೊಳಗಿನ ಸಿಂಕಿಗೆ ಬಿಟ್ಟು, ಆಗಷ್ಟೇ ಖಾಲಿ ಮಾಡಿದ ತೊಟ್ಟಿಯನ್ನು ಕಂಠಪೂರ್ತಿ ತುಂಬಿಸಿದೆವು. ಗಾಡಿ ವಿನಯದಿಂದ ತಗ್ಗಿತು, ನಾವು ಹೊರಬಿದ್ದೆವು. ಈ ಕುಡಿಯುವ ನೀರನ್ನಾದರೂ ಒಣಗಿದ ಗಿಡಕ್ಕೆ ಬಿಡೋಣವೆಂದು ತೂಬಿಗೆ ಕೈ ಹಾಕಿದರೆ ತಮ್ಮ ತಪಾಸಣಾಧಿಕಾರಿ ಪ್ರತ್ಯಕ್ಷರಾದರು. ತೊಟ್ಟಿಯಿಂದ ಬಂದದ್ದೆಲ್ಲ ನಿಯಮದ ಪ್ರಕಾರ ಬೂದು ನೀರೇ ಎಂದು ತಿಳಿಹೇಳಿದರು. ಹಾಗಾದರೆ ಎಲ್ಲಿ ಚೆಲ್ಲಬೇಕು ಎಂದು ಕೇಳಿದೆ. ಅವರು ನಗದೆ ಮೋರಿಯ ಕಡೆ ಬೆರಳು ತೋರಿಸಿದರು.

ತಮ್ಮ ಕಚೇರಿಗೆ ಫೋನು ಮಾಡಿದಾಗ, ಕಂಬಿ ಹಾಕಿಸಿದ್ದು ಕ್ಯಾರವಾನುಗಳು ಒಳಗೇ ಬೀಡುಬಿಡದಿರಲೆಂದು ಎಂಬ ವಿವರಣೆ ಬಂತು. ಮೋರಿಯ ಪಕ್ಕ ಬೀಡುಬಿಡಲು ನಮಗೇನು ಅದರ ಸುವಾಸನೆಯ ಆಸೆಯೇ? ಬೀಡುಬಿಡಬಾರದು ಎಂದು ಬರೆಸಿದ್ದರೆ ಸಾಲದಿತ್ತೇ? ಮಿಕ್ಕೆಲ್ಲಕ್ಕೂ ಫಲಕ ಇದೆಯಲ್ಲ! ಕಂಬಿ ಹಾಕುವ ಮುನ್ನ ಒಬ್ಬ ಕ್ಯಾರವಾನಿನವರನ್ನಾದರೂ ಕೇಳಬಹುದಿತ್ತು. ಆದರೆ ಕೋಳಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ?

ಇಷ್ಟರವರೆಗೆ ನಾನೂ ನಕ್ಕೆ. ಮಾರನೆಯ ಬೆಳಿಗ್ಗೆ ನಗು ನಿಂತಿತು. ತೊಟ್ಟಿಯಲ್ಲಿ ತಮ್ಮ ಶುದ್ಧ ನೀರು ತುಂಬಿರುವಾಗ ಅತ್ತೆಯ ಸ್ನಾನದ ನೀರಿಗೆ ಜಾಗವೆಲ್ಲಿ? ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ಅದರ ಮರುದಿನವೂ ಅಷ್ಟೇ. ಅತ್ತೆ ಚಹಾ ಬೇಡವೆಂದರು, ನೀರೂ ಬೇಡವೆಂದರು. ಕುಡಿದರೆ ಬಟ್ಟೆ ಒದ್ದೆಯಾಗುತ್ತದೆ, ಒದ್ದೆಯಾದರೆ ತೊಳೆಯಬೇಕು, ತೊಳೆದರೆ ತೊಟ್ಟಿ ತುಂಬುತ್ತದೆ. ಇದೆಲ್ಲ ಲೆಕ್ಕ ಅವರು ಮಲಗಿದಲ್ಲೇ ಹಾಕಿದ್ದರು. ನಿನ್ನೆ ಮಗನನ್ನು ಕರೆದು ಗಾಡಿ ತಿರುಗಿಸು ಎಂದರು. ಇಷ್ಟು ದೂರ ಬಂದುಬಿಟ್ಟಿದ್ದೇವಲ್ಲ ಎಂದು ನಾನು ಸಮಾಧಾನ ಹೇಳಹೋದೆ.

“ಮೈ ನಾರ್ತಾ ತಂಗಿ ಪಕ್ಕ ಹೋಗಿ ಕೂರಲ್ಲಮ್ಮ ನಾನು,” ಎಂದರು ಅತ್ತೆ. “ಅವಳು ಕೊನೇದಾಗಿ ನನ್ನನ್ನ ಹೀಗೆ ನೋಡೋದು ಬೇಡ.”

ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಈ ಪತ್ರ ಬರೆಸುತ್ತಿರುವುದು ಆ ಸಿಟ್ಟು.

ಆದ್ದರಿಂದ ನನ್ನ ಬೇಡಿಕೆ: ಈ ಪತ್ರ ಕಂಡ ದಿನವೇ ಆ ಕಂಬಿಯನ್ನು ಬಿಚ್ಚಿಸಿ. ಸಮಿತಿ ಬೇಡ, ಸಮೀಕ್ಷೆ ಬೇಡ, ಬಿಚ್ಚಿದ್ದಕ್ಕೆ ಉದ್ಘಾಟನೆಯೂ ಬೇಡ. ಒಂದು ಸ್ಪ್ಯಾನರ್ ಸಾಕು. ಅದಾಗದಿದ್ದರೆ ತಾವೇ ಒಮ್ಮೆ ಬನ್ನಿ. ಗಾಡಿ ಇನ್ನೂ ತಿರುಗಿಲ್ಲ, ಕಂಬಿ ಬಿಚ್ಚಿಸುತ್ತೀರೇನೋ ಎಂದು ಅಂದಿನಿಂದ ತಮ್ಮ ಮೋರಿಯ ಗೇಟಿನ ಹೊರಗೇ ಕಾದಿದ್ದೇವೆ. ಅತ್ತೆಯ ಹಾಸಿಗೆಯ ಪಕ್ಕ ಕೂತು, ತಂಗಿಯನ್ನು ನೋಡದೆ ಏಕೆ ಹಿಂತಿರುಗಬೇಕು ಎಂಬುದನ್ನು ತಮ್ಮ ನಿಯಮದ ಭಾಷೆಯಲ್ಲೇ ಅವರಿಗೆ ವಿವರಿಸಿ. ಮುಖ ಮಾತ್ರ ತಿರುಗಿಸಬೇಡಿ. ಮೈ ನಾರುತ್ತಿದೆಯೇನೋ ಎಂದು ಅವರು ಆಗಲೇ ನಾಚಿಕೊಂಡಿದ್ದಾರೆ.

ಇಂತಿ,
ಅತ್ತೆಯನ್ನು ಮೀಯಿಸಲು ತಮ್ಮ ಅಪ್ಪಣೆ ಕಾಯುತ್ತಿರುವ
ಒಬ್ಬ ಸೊಸೆ